ನಜ್ಲಾ ಯನ್ನಿ ಹೇಳಬೇಕಾದ ಎರಡು ಹೆಸರು

ಬೆಳಗಿನ ಐದೂ ಇಪ್ಪತ್ತು. ನೌರಸ್ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಅಂಗಣವನ್ನು ಅದರ ತರಬೇತುದಾರರೇ ಒರೆಸುತ್ತಿದ್ದಾರೆ.

ಹೆಸರು ನಜ್ಲಾ ಯನ್ನಿ, ವಯಸ್ಸು ಐವತ್ತಮೂರು. ಲೆಬನಾನಿನ ಟ್ರಿಪೋಲಿಯ ಮೀನಾ ಬಂದರಿನಲ್ಲಿ ಇರುಳಿಡೀ ಬೀಸುವ ಕಡಲಗಾಳಿ ಕಿಟಕಿಯ ಸಂದಿಗಳಿಂದ ನುಗ್ಗಿ, ಮರದ ನೆಲದ ಮೇಲೆ ಉಪ್ಪಿನ ತೇವ ಬಿಟ್ಟು ಹೋಗುತ್ತದೆ. ಒರೆಸದೆ ಆಡಿದರೆ ಯಾರದಾದರೂ ಕಾಲು ಉಳುಕುವುದು ಖಂಡಿತ. ಅಂಗಣ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟು ಎರಡು ವರ್ಷವಾಯಿತು, ಬೇರೆಯವರನ್ನು ನೇಮಿಸಿಲ್ಲ. ಸರ್ಕಾರಿ ಕರೆಂಟು ನೆಚ್ಚುವಂತಿಲ್ಲ, ಓಣಿಯ ಜನರೇಟರ್ ಮಾಲೀಕ ಕ್ಲಬ್ಬಿಗೆ ಬೆಳಕು ಕೊಡುವುದು ಐದೂವರೆಯಿಂದ ಏಳೂವರೆಯವರೆಗೆ ಮಾತ್ರ. ಅದಾದ ಮೇಲೆ ನಜ್ಲಾ ಶಾಲೆಗೆ ಓಡಬೇಕು. ಅಲ್ಲಿ ಅವರು ವ್ಯಾಯಾಮ ಶಿಕ್ಷಕಿ. ಹೊಟ್ಟೆಪಾಡು ಅದರಿಂದ, ಹೊಟ್ಟೆಯುರಿ ಇದರಿಂದ.

ಹುಡುಗರು ಕಣ್ಣುಜ್ಜುತ್ತ ಒಳಗೆ ಬರುತ್ತಾರೆ. ಎರಡು ಮೀಟರಿಗೂ ಎತ್ತರದ ಹೈಸಮ್ ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಇವತ್ತೂ ಮರೆತಿದ್ದಾನೆ.

"ಆ ಚೌಕಟ್ಟು ನಿಮ್ಮಜ್ಜನ ಕಾಲದಿಂದ ಅಲ್ಲೇ ಇದೆ ಕಣೋ," ಎನ್ನುತ್ತಾರೆ ನಜ್ಲಾ, ಒರೆಸುವುದನ್ನು ನಿಲ್ಲಿಸದೆ. "ನೀನೇ ಬಗ್ಗಬೇಕು. ಅದು ಬಗ್ಗಲ್ಲ."

"ಬಾಗಿಲು ಚಿಕ್ಕದು, ಕೋಚ್."

"ನಿನ್ನ ನಿದ್ದೆ ದೊಡ್ಡದು. ಓಡು."

ಕಳೆದ ವಸಂತದಲ್ಲಿ ನೌರಸ್ ಲೆಬನಾನಿನ ಮೊದಲ ದರ್ಜೆಯ ಲೀಗಿನಿಂದ ಕೆಳಗಿಳಿಯಿತು. ಹಿರಿಯ ಆಟಗಾರರು ಒಬ್ಬೊಬ್ಬರಾಗಿ ಬೈರೂತಿನ ಕ್ಲಬ್ಬುಗಳಿಗೆ ಹೋದರು. ಉಳಿದವರು ಹದಿನಾರರಿಂದ ಹತ್ತೊಂಬತ್ತರ ನಡುವಿನ ಹುಡುಗರು, ಎಲ್ಲರೂ ನಜ್ಲಾ ಕೈಯಲ್ಲಿ ಚೆಂಡು ಹಿಡಿಯುವುದನ್ನು ಕಲಿತವರು. ತಂಡವನ್ನು ಹೊಸದಾಗಿ ಕಟ್ಟುವುದೆಂದು ಕ್ಲಬ್ಬಿನ ಸಮಿತಿ ತೀರ್ಮಾನಿಸಿದೆ. ಯಾರ ಸುತ್ತ ಕಟ್ಟಬೇಕು ಎಂಬುದಕ್ಕೆ ಗುರುವಾರ ಸಂಜೆ ನಜ್ಲಾ ಎರಡು ಹೆಸರು ಹೇಳಬೇಕು. ಆ ಇಬ್ಬರಿಗೆ ಮೂರು ವರ್ಷದ ಒಪ್ಪಂದ, ಓದಿನ ಖರ್ಚು, ತಂಡದ ಆಟದ ಕೇಂದ್ರದಲ್ಲಿ ಜಾಗ. ಉಳಿದವರು ಬಂದರೆ ಬರಬಹುದು, ಹೋದರೆ ಹೋಗಬಹುದು.

"ಇದು ನಾನು ನೋಡ್ತಿರೋ ನಾಲ್ಕನೇ ಕಟ್ಟೋ ಕೆಲಸ," ಎನ್ನುತ್ತಾರೆ ಅವರು. "ಪ್ರತಿ ಸಲ ಹೆಸರು ಕೇಳ್ತಾರೆ, ಕೊಡ್ತೀನಿ. ಎರಡು ಪಂದ್ಯ ಸೋತ ಕೂಡಲೇ ಯಾವನೋ ಅಮೆರಿಕದವನನ್ನ ವಿಮಾನದಲ್ಲಿ ಇಳಿಸ್ತಾರೆ. ನನ್ನ ಹುಡುಗರು ಬೆಂಚಿನ ಮೇಲೆ ಕೂತು ಅವನಿಗೆ ಟವೆಲ್ ಕೊಡ್ತಾರೆ. ಇದನ್ನ ಕಟ್ಟೋದು ಅಂತಾರಾ? ಗೋಡೆಗೆ ಸುಣ್ಣ ಹೊಡೆಯೋದು ಅಂತಾರೆ."

ಹುಡುಗರನ್ನು ಅಳೆಯಲು ಅವರದೊಂದು ಕ್ರಮವಿದೆ. ಬುಟ್ಟಿಗೆ ಬಿದ್ದ ಚೆಂಡನ್ನು ಅವರು ಹೆಚ್ಚು ನೋಡುವುದಿಲ್ಲ. ಹುಡುಗ ಚೆಂಡು ಕಳೆದುಕೊಂಡ ಮೇಲೆ ಏನು ಮಾಡುತ್ತಾನೆ ಎಂದು ನೋಡುತ್ತಾರೆ. ದೂರದಿಂದ ಗುರಿ ತಪ್ಪದ ಶಾದಿ ಚೆಂಡು ಕಳೆದುಕೊಂಡರೆ ನೆಲ ನೋಡುತ್ತ ನಿಲ್ಲುತ್ತಾನೆ. ಹೈಸಮ್ ಬೈದುಕೊಳ್ಳುತ್ತಾನೆ, ಆದರೆ ಬೈದುಕೊಳ್ಳುತ್ತಲೇ ಹಿಂದಕ್ಕೆ ಓಡುತ್ತಾನೆ. ಹೈಸಮನ ಬಗ್ಗೆ ಅವರಿಗೆ ಅನುಮಾನವಿಲ್ಲ. ತಲೆನೋವಿರುವುದು ಎರಡನೆಯ ಹೆಸರಿನದು.

ಊರಿನಲ್ಲಿ ಅದನ್ನು ಹೇಳಿಕೊಡಲು ಬಾರದವರಿಲ್ಲ. ಬೇಕರಿಯವನು ರೊಟ್ಟಿಯ ಮೇಲೆ ಜಾತರ್ ಸೊಪ್ಪಿನ ಪುಡಿ ಸವರುತ್ತ ಶಾದಿಯ ಪರ ವಾದಿಸುತ್ತಾನೆ. ಟ್ಯಾಕ್ಸಿಯವನು ಇಳಿಯುವ ಜಾಗ ದಾಟಿಸಿಕೊಂಡು ಹೋಗಿ ವಾದ ಮುಗಿಸುತ್ತಾನೆ. ಸೋಮವಾರ ಹಲ್ಲಿನ ಡಾಕ್ಟರು ಕೊರೆಯುವ ಯಂತ್ರವನ್ನು ನಜ್ಲಾರ ಬಾಯಲ್ಲಿಟ್ಟೇ ಕಾಲು ಗಂಟೆ ಸಲಹೆ ಕೊಟ್ಟರು. "ನಾನು ಬಾಯಿ ತೆರೆದೇ ಇದ್ದೆ, ಒಂದು ಮಾತು ಆಡೋಕಾಗ್ಲಿಲ್ಲ. ಹನ್ನೆರಡು ವರ್ಷದಿಂದ ನನ್ನ ಪರಿಸ್ಥಿತಿ ಅದೇ," ಎಂದು ನಜ್ಲಾ ಕೆನ್ನೆ ನೀವಿಕೊಳ್ಳುತ್ತಾರೆ.

ಎರಡನೆಯ ಹೆಸರು ಅವರಿಗೆ ಗೊತ್ತಿಲ್ಲವೆಂದಲ್ಲ. ನಖ್ಲೆಗೆ ಹದಿನೇಳು ವರ್ಷ. ಕುಳ್ಳ, ತೆಳ್ಳಗಿನ ಕಾಲು, ಒಂದಿಷ್ಟು ಮೊಂಡ. ಅವನು ಅಂಗಣದಲ್ಲಿದ್ದಾಗ ಉಳಿದ ನಾಲ್ವರಿಗೂ ಚೆಂಡು ಸಿಗುತ್ತದೆ. ಕಳೆದುಕೊಂಡರೆ ಕಸಿದವನ ಬೆನ್ನು ಹತ್ತಿ ಅಂಗಣದ ಕೊನೆಯವರೆಗೂ ಬಿಡುವುದಿಲ್ಲ. ತೊಂದರೆ ಇಷ್ಟೇ: ಅವನು ನಜ್ಲಾರ ಅಕ್ಕ ಸೌಸನ್ ಅವರ ಮಗ.

ಹನ್ನೆರಡು ವರ್ಷದ ಹಿಂದೆ ಇದ್ದ ಕೋಚ್ ತನ್ನ ಅಳಿಯನನ್ನು ಆಡಿಸಿ, ಆಡಿಸಿ, ಕೊನೆಗೆ ಅಂಗಣದಲ್ಲಿ ನೋಡುವವರೇ ಇಲ್ಲದಂತೆ ಮಾಡಿದ್ದ. ಆ ಜಾಗಕ್ಕೆ ಬಂದ ದಿನ ನಜ್ಲಾ ಎಲ್ಲರೆದುರು ಒಂದು ಮಾತು ಕೊಟ್ಟರು: ನನ್ನ ಮನೆಯವರ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಬಂದರಿನ ಕೂಲಿಯಿಂದ ಬ್ಯಾಂಕಿನ ಕುರ್ಚಿಯವರೆಗೆ ಎಲ್ಲವೂ ಯಾರದೋ ಶಿಫಾರಸಿನಿಂದ ನಡೆಯುವ ಊರಿನಲ್ಲಿ ಆಡಿದ ಮಾತು ಅದು. ಆಗ ನಖ್ಲೆಗೆ ಐದು ವರ್ಷ, ಚೆಂಡಿನ ಮೇಲೆ ಕುಳಿತು ಆಡುತ್ತಿದ್ದ. ಈಗ ಪಂದ್ಯದಲ್ಲಿ ತಪ್ಪಾದರೆ ನಜ್ಲಾ ಎಲ್ಲರಿಗಿಂತ ಮೊದಲು ಹೊರಗೆ ಕರೆಯುವುದು ಅವನನ್ನೇ, ಹೆಚ್ಚು ಬೈಸಿಕೊಳ್ಳುವವನೂ ಅವನೇ. ಅಂಗಣದಲ್ಲಿ ಅವನು ಬಾಯಿತಪ್ಪಿ "ಖಾಲ್ತೊ", ಚಿಕ್ಕಮ್ಮ, ಎಂದರೆ ಹತ್ತು ಸುತ್ತು ಓಟ.

ಅಕ್ಕ ಸೌಸನ್ ಕಾಫಿ ಬಗ್ಗಿಸುತ್ತ ಮುಖ ನೋಡದೆ ಮಾತಾಡುತ್ತಾರೆ. "ಬೇರೆಯವರ ಮಗ ಆಗಿದ್ರೆ ಹೆಗಲ ಮೇಲೆ ಹೊತ್ಕೊಂಡು ತಿರುಗ್ತಿದ್ದೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಅವನ ತಪ್ಪಾ? ಬೈರೂತಿನವರು ಎರಡು ಸಲ ಫೋನ್ ಮಾಡಿದ್ರು. ನೀನು ಅವನ ಹೆಸರು ಹೇಳಲ್ಲ ಅಂದ್ರೆ ಈಗಲೇ ಹೇಳಿಬಿಡು, ಶುಕ್ರವಾರ ಅವನ ಬಟ್ಟೆ ಕಟ್ತೀನಿ."

"ನಾನು ಮಾತು ಕೊಟ್ಟಿದ್ದೀನಿ."

"ಯಾರಿಗೆ ಕೊಟ್ಟೆ? ಈ ಊರಿಗಾ? ಈ ಊರು ನಿನ್ನೆ ಏನು ಊಟ ಮಾಡ್ತು ಅಂತ ಕೇಳು, ಅದೇ ನೆನಪಿರಲ್ಲ."

ಬುಧವಾರ ಬೆಳಿಗ್ಗೆ ಹೈಸಮನ ಅಪ್ಪ, ಮೀನಿನ ಅಂಗಡಿಯ ಅಬು ಹೈಸಮ್, ಕಾಗದದಲ್ಲಿ ಸುತ್ತಿದ ದೊಡ್ಡ ಮೀನೊಂದನ್ನು ಹಿಡಿದು ಅಂಗಣದ ಬಾಗಿಲಿಗೆ ಬರುತ್ತಾನೆ. ಇಂಥ ದಿನಗಳಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ನಜ್ಲಾ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿಯುತ್ತಾರೆ.

"ಮೀನು ಹೊರಗೆ, ಅಬು ಹೈಸಮ್. ನಿಮ್ಮ ಹುಡುಗನ ವಿಷಯ ನಾಳೆ."

"ನಮ್ಮ ಹುಡುಗನಿಗೋಸ್ಕರ ತಂದಿದ್ದಲ್ಲ, ಸಿತ್ತ್ ನಜ್ಲಾ."

"ಮತ್ತೆ?"

"ಆ ಕುಳ್ಳನಿಗೋಸ್ಕರ. ನಿಮ್ಮಕ್ಕನ ಮಗನಿಗೋಸ್ಕರ. ಅವನಿಲ್ಲದಿದ್ರೆ ಚೆಂಡು ನನ್ನ ಕೈಗೇ ಬರಲ್ಲ ಅಂತ ನಮ್ಮೋನು ಮೂರು ದಿನದಿಂದ ಊಟ ಬಿಟ್ಟಿದ್ದಾನೆ. ಅಷ್ಟು ಉದ್ದದ ಹುಡುಗ ಊಟ ಬಿಟ್ರೆ ಮನೇಲಿ ಎಷ್ಟು ಉಳಿಯುತ್ತೆ ನಿಮಗೆ ಗೊತ್ತಲ್ಲ. ಅಡುಗೆಯೆಲ್ಲ ಬೆಕ್ಕಿಗೆ ಹೋಗ್ತಿದೆ."

ನಜ್ಲಾ ನಗುವುದಿಲ್ಲ. ಮೀನನ್ನು ವಾಪಸ್ ಕಳಿಸಿ, ಬಕೀಟಿನ ಮೇಲೆ ಕುಳಿತುಬಿಡುತ್ತಾರೆ. "ನೋಡಿ ಇವರನ್ನ. ಇಡೀ ಊರಲ್ಲಿ ನಾನು ಒಬ್ಬನ ಪರವಾದ ಶಿಫಾರಸು ಮಾತ್ರ ಕಿವಿಗೆ ಹಾಕ್ಕೊಳ್ಳಬಾರದು. ಮೀನು ಹಿಡ್ಕೊಂಡು ಬರೋರೂ ಅವನದ್ದೇ ಮಾಡ್ತಾರೆ." ಮತ್ತೆ, ಅಂಗಣದ ಕಡೆ ನೋಡುತ್ತ: "ಅವನು ನನ್ನ ರಕ್ತ ಅಂತ ಅವನ ಜಾಗ ಇನ್ನೊಬ್ಬನಿಗೆ ಕೊಟ್ರೆ, ಆವಾಗಲೂ ರಕ್ತ ನೋಡೇ ಕೊಟ್ಟ ಹಾಗಾಯ್ತಲ್ಲ. ನಾನೂ ಆ ಅಳಿಯನ ಮಾವನೂ ಒಂದೇ ಆದ್ವಿ."

ಗುರುವಾರ ಸಂಜೆ ಸಮಿತಿಯ ಕೋಣೆ. ಅಧ್ಯಕ್ಷ ಮುನೀರ್ ಬೇ ಪೀಠೋಪಕರಣದ ಕಾರ್ಖಾನೆಯ ಮಾಲೀಕರು. ಕ್ಲಬ್ಬಿನ ಕುರ್ಚಿಗಳೆಲ್ಲ ಅವರ ಕಾರ್ಖಾನೆಯಲ್ಲಿ ಮಾರಾಟವಾಗದೆ ಉಳಿದವು. ನಜ್ಲಾ ಕೂರುವುದಿಲ್ಲ.

"ಒಂದು, ಹೈಸಮ್," ಎನ್ನುತ್ತಾರೆ. "ಎರಡನೇದಕ್ಕೆ ಮುಂಚೆ ಒಂದು ಮಾತು. ಹನ್ನೆರಡು ವರ್ಷದ ಹಿಂದೆ ಈ ಕೋಣೇಲಿ ಕೊಟ್ಟ ಮಾತನ್ನ ನಾನು ಇವತ್ತು ಮುರೀತಿದ್ದೀನಿ. ಎರಡು, ನಖ್ಲೆ. ಅಕ್ಕನ ಮಗ ಅಂತ ಅಲ್ಲ. ತಪ್ಪು ಅಂತ ಯಾರಿಗಾದ್ರೂ ಅನ್ನಿಸಿದ್ರೆ ನನ್ನ ಕೆಲಸ ಈಗಲೇ ತಗೊಳ್ಳಿ."

ಮುನೀರ್ ಬೇ ಕುರ್ಚಿಯ ಹಿಂದೆ ಕೈ ಚಾಚಿ, ಸುತ್ತಿಟ್ಟಿದ್ದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚುತ್ತಾರೆ. ರಸ್ತೆಗೆ ಅಡ್ಡ ಕಟ್ಟುವ ಅಭಿನಂದನೆಯ ಬ್ಯಾನರು. ಒಂದು ತುದಿಯಲ್ಲಿ ಹೈಸಮನ ಮುಖ, ಇನ್ನೊಂದು ತುದಿಯಲ್ಲಿ ನಖ್ಲೆಯ ಮುಖ.

"ಇದು ಯಾವಾಗ ಮಾಡಿಸಿದ್ದು?"

"ಮೂರು ವಾರ ಆಯ್ತು. ನಿಮ್ಮ ಮನೆ ಹುಡುಗ, ಬಿಡ್ತೀರಾ ನೀವು?"

"ಹನ್ನೆರಡು ವರ್ಷ ನಾನು ಹೇಳಿದ್ದು?"

"ಹೇಳ್ಲೇಬೇಕಲ್ಲ, ಸಿತ್ತ್ ನಜ್ಲಾ. ಎಲ್ಲರೂ ಮೊದಲು ಬೇಡ ಬೇಡ ಅಂತಾರೆ. ನೀವು ಸ್ವಲ್ಪ ಜಾಸ್ತಿ ದಿನ ಅಂದ್ರಿ, ಅಷ್ಟೇ. ನಿಮ್ಮ ಮರ್ಯಾದೆ ನಮಗೆ ಅರ್ಥ ಆಗುತ್ತೆ." ಅವರು ಕಣ್ಣು ಮಿಟುಕಿಸುತ್ತಾರೆ. "ಕಾಫಿ ತಗೊಳ್ಳಿ."

"ಅವನ ಹೆಸರು ಹೇಳಿದ್ದು ಅವನ ಆಟ ನೋಡಿ."

"ಹೌದು ಹೌದು, ಆಟ ನೋಡಿಯೇ."

ನಜ್ಲಾ ಬ್ಯಾನರಿನ ಎರಡೂ ಮುಖಗಳನ್ನು ನೋಡುತ್ತಾರೆ. ಕಾಫಿಯನ್ನು ಕೆಳಗಿಟ್ಟು, ಈ ಋತುವಿನಲ್ಲಿ ಹೊರಗಿನವರನ್ನು ಕರೆಸುವುದಿಲ್ಲ ಎಂದು ಮುನೀರ್ ಬೇ ಅವರ ಬಾಯಿಂದ ಎಲ್ಲರೆದುರು ಹೇಳಿಸಿಯೇ ಕೋಣೆಯಿಂದ ಹೊರಡುತ್ತಾರೆ. ತಮಗೆ ಬೇಕಿರುವುದೇನು ಎಂದು ಮೆಟ್ಟಿಲಲ್ಲಿ ಕೇಳಿದರೆ ಉತ್ತರ ಚಿಕ್ಕದು: "ಒಂದು ವರ್ಷ ಯಾರೂ ನನಗೆ ಏನೂ ಹೇಳಬಾರದು. ಹಲ್ಲಿನ ಡಾಕ್ಟರೂ."

ಬ್ಯಾನರನ್ನು ಮರುದಿನ ಮೀನು ಮಾರುಕಟ್ಟೆಯ ಬಾಯಿಗೆ ಕಟ್ಟಲಾಯಿತು. ಅಕ್ಟೋಬರಿನ ಮೊದಲ ಪಂದ್ಯವನ್ನು ನೌರಸ್ ಹತ್ತೊಂಬತ್ತು ಅಂಕಗಳಿಂದ ಸೋತಿತು. ನಖ್ಲೆ ಆರು ಸಲ ಚೆಂಡು ಕಳೆದುಕೊಂಡ. ನಜ್ಲಾ ಅವನನ್ನು ಒಂದು ಸಲವೂ ಹೊರಗೆ ಕರೆಯಲಿಲ್ಲ.