ಜಟ್ಟು ಕೊರೆದ ನಂಬರು

ಅಂಕೋಲೆಯ ಜಟ್ಟು ಬರೆದ ಅಕ್ಷರ ಅಂದರೆ ಬೈತಖೋಲ ಬಂದರಿನಲ್ಲಿ ಎರಡನೇ ಮಾತಿರಲಿಲ್ಲ. ಮೊಳದುದ್ದ, ನಾಲ್ಕು ಬೆರಳಗಲ, ದಪ್ಪ ಗೆರೆ. ಬಾಲವಿಲ್ಲ, ಬಳುಕಿಲ್ಲ, ಒಂದಕ್ಕೊಂದು ಹೆಗಲು ತಾಗಿಸಿ ನೆಟ್ಟಗೆ ನಿಲ್ಲುತ್ತಿದ್ದವು. ಕನ್ನಡದ ದುಂಡಕ್ಷರಗಳನ್ನೂ ಎರಡೂ ಪಕ್ಕದಿಂದ ಒತ್ತಿ ನಿಲ್ಲಿಸುತ್ತಿದ್ದ ಪುಣ್ಯಾತ್ಮ! ನಾಟಕದ ಗೋಡೆಬರಹ, ಕದ್ರಾ ಕಡೆ ಹೊಳೆದಂಡೆಯ ‘ಅಪಾಯ’ದ ಬೋರ್ಡು, ಬೋಟಿನ ಮೂತಿ, ಎಲ್ಲಿ ಜಾಗ ಇಕ್ಕಟ್ಟೋ ಅಲ್ಲಿ ಅವನೇ ಬೇಕು. ಅಲೆ ಅರ್ಧ ನುಂಗಿದರೂ ಉಳಿದರ್ಧ ದೂರಕ್ಕೆ ಓದಲು ಬರುತ್ತಿತ್ತು. ಫ್ಲೆಕ್ಸಿನವರು ಬಂದು ಅವನ ಹೊಟ್ಟೆಗೆ ಹೊಡೆದ ಮೇಲೆ ಬೋಟಿನ ಕೆಲಸವೊಂದೇ ಉಳಿಯಿತು.

ಬಣ್ಣಕ್ಕೆ ಮೊದಲು ಉಳಿಯಿಂದ ಅಕ್ಷರದ ಅಂಚನ್ನು ಮರದಲ್ಲಿ ಕೊರೆಯುವುದು ಅವನ ಕ್ರಮ. “ಉಪ್ಪುನೀರು ಬಣ್ಣ ತಿಂತದೆ, ಗೀರು ತಿನ್ನೂದಿಲ್ಲ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ದೇವಿದಾಸನ ಟ್ರಾಲರು ದಡದ ಹತ್ತಿರವೇ, ಸಣ್ಣ ದೋಣಿಯವರ ಪಾಲಿನ ನೀರಿನಲ್ಲಿ ಬಲೆ ಎಳೆಯಿತು. ಜಟ್ಟುವಿನ ತಂಗಿ ನಾಗಿಯ ಗಂಡ ಸುಬ್ಬ ತನ್ನ ಸಣ್ಣ ದೋಣಿಯನ್ನು ಅಡ್ಡ ತಂದು ಬೈದ. ಟ್ರಾಲರು ನಿಲ್ಲಲಿಲ್ಲ. ದೋಣಿಯನ್ನು ಸೀಳಿ, ಸುಬ್ಬನನ್ನು ನೀರಡಿಯ ಫ್ಯಾನಿಗೆ ಎಳೆದುಕೊಂಡು ಹೋಯಿತು. ಜೊತೆಗಿದ್ದ ಮಂಜು ಹಲಗೆ ತಬ್ಬಿಕೊಂಡು ಅಲೆಯ ಮೇಲೆ ಓದಿದ್ದು ನಂಬರೊಂದನ್ನೇ: ನಾಲ್ಕು ಒಂದು ಏಳು ಮೂರು. ಅವನ ದೂರು ಕೇಳಿ, ಮರುದಿನ ಬಂದು ಬೋಟು ನೋಡುತ್ತೇವೆ ಎಂದರು ಪೊಲೀಸರು.

ಮಧ್ಯಾಹ್ನಕ್ಕೇ ದೇವಿದಾಸ ಇಬ್ಬರನ್ನು ಕರೆದುಕೊಂಡು ಬಂದ. ಗುಜರಿಗೆ ಹೋದ ಹಳೆ ಬೋಟಿನ ಕಾಗದ ಅವನ ಕೈಯಲ್ಲಿತ್ತು.

“ಜಟ್ಟಣ್ಣಾ, ಹಳೇದು ಅಳ್ಸಿ ಈ ನಂಬರು ಬರೆ. ನಿನ್ನ ಅಕ್ಷರ ಇದ್ರೆ ಯಾರೂ ಎಂತದೂ ಕೇಳೂದಿಲ್ಲ.”

“ನನ್ನ ಬಾವನ ಹೆಣ ಇನ್ನೂ ಸುಟ್ಟಿಲ್ವೋ ಹಲ್ಕಟ್ಟಾ!”

ಇಬ್ಬರು ಅವನ ಬಲಗೈಯನ್ನು ಲಂಗರಿನ ಕಬ್ಬಿಣದ ಮೇಲೆ ಒತ್ತಿ ಹಿಡಿದರು. ದೇವಿದಾಸ ರಾಡಿನಿಂದ ಜಜ್ಜಿದ. ಮೂರನೇ ಏಟಿಗೆ ಬೆರಳುಗಳಿಗೆ ಆಕಾರವೇ ಉಳಿಯಲಿಲ್ಲ. ಥೂ, ನಲವತ್ತು ವರ್ಷ ಇಡೀ ಬಂದರಿಗೆ ಹೆಸರು ಬರೆದ ಕೈ ಅದು!

ಮರುದಿನ ಟ್ರಾಲರಿನ ಮೂತಿ ಬೆಳ್ಳಗಿತ್ತು. ಪಕ್ಕದಲ್ಲಿ ಸೊಟ್ಟಸೊಟ್ಟ ಹೊಸ ನಂಬರು. “ವರ್ಷ ವರ್ಷಾ ಬಣ್ಣ ಹಚ್ತೇವೆ ಸಾಹೇಬ್ರೆ, ನಿಮ್ಮ ನಂಬರಿನ ಬೋಟು ಇದಲ್ಲ” ಎಂದು ದೇವಿದಾಸ ಕಾಗದ ಚಾಚಿದ. ಸಾಹೇಬರು ತಲೆಯಾಡಿಸಿ ಹೊರಡಲು ತಿರುಗಿದರು.

ಅಷ್ಟರಲ್ಲಿ ಜಟ್ಟು ಬಂದ, ಬ್ಯಾಂಡೇಜಿನ ಕೈ ಕೊರಳಿಗೆ ಕಟ್ಟಿಕೊಂಡು. ಎಡಗೈಯಲ್ಲಿ ಇದ್ದಿಲು ಹಿಡಿದ. ಅದನ್ನು ಜೊತೆಗೆ ಬಂದಿದ್ದ ತಂಗಿಯ ಕೈಗಿಟ್ಟ.

“ನಾಗೀ, ನೀನೇ ಉಜ್ಜೇ. ಇಲ್ಲಿ.”

ಓದುಬಾರದ ನಾಗಿ ಇದ್ದಿಲನ್ನು ಬಿಳಿಬಣ್ಣದ ಮೇಲೆ ಅಡ್ಡಡ್ಡ ತಿಕ್ಕಿದಳು. ಕಪ್ಪಿನ ನಡುವೆ ಗೀರು ಬೆಳ್ಳಗೆ ಎದ್ದಿತು. ಉದ್ದನೆಯ ನಾಲ್ಕು, ಕಡ್ಡಿಯಂಥ ಒಂದು. ದೇವಿದಾಸ ನುಗ್ಗಿ ಅವಳ ಜಡೆ ಹಿಡಿದು ತಲೆಯನ್ನು ಮರಕ್ಕೆ ಅಪ್ಪಳಿಸಿದ. ಹಣೆ ಒಡೆಯಿತು. ನಾಗಿ ಇದ್ದಿಲು ಬಿಡಲಿಲ್ಲ. ಬಂದರಿನ ಜನ ಅವನನ್ನು ನೆಲಕ್ಕೆ ಕೆಡವಿ ತುಳಿಯುವಾಗ ಅವಳು ಏಳನ್ನೂ ಮೂರನ್ನೂ ಮುಗಿಸಿದಳು.

ರಕ್ತ ಒರೆಸಿಕೊಂಡು ಕೇಳಿದಳು, “ಅಣ್ಣಾ, ಅವ್ರನ್ನ ಕೊಂದದ್ದು ಇದೇ ಹೌದಾ?”

“ಹೌದೇ ತಂಗಿ” ಎಂದ ಜಟ್ಟು. “ನಾನೇ ಬರ್ದದ್ದು.”