ಬಿಸಿಲಲ್ಲಿ ಕೂತ ಮೇಟ್ರನ್ ಅಕ್ಕ

ರಿಟೈರಾದ ಮೇಲೂ ಅವರ ಸೀರೆಯ ಮೇಲೆ, ಎಡ ಭುಜದ ಕೆಳಗೆ, ನರ್ಸುಗಳ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ನಕ್ಕರೆ ಅದು ಕುಣಿಯುತ್ತಿತ್ತು. ಅವರು ನಗುವುದೂ ಹೆಚ್ಚು. ವಿಶಾಖಪಟ್ಟಣದ ಅವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಕನ್ನಡದ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದೆವು: ವರ್ಗವಾಗಿ ಬಂದ ಬ್ಯಾಂಕಿನವರು, ಬೀದರಿನ ನರ್ಸುಗಳು, ಅಚ್ಯುತಾಪುರಂನ ಔಷಧ ಕಾರ್ಖಾನೆಯಿಂದ ನಾನು, ಮೂಲೆಯ ಕುರ್ಚಿಯಲ್ಲಿ ಮಾತು ಕಡಿಮೆಯ ಅವರ ಯಜಮಾನರು. ಮನೆಯೊಡತಿ ಗದಗಿನ ಕಡೆಯವರು, ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳ ಮುಖ್ಯಸ್ಥೆ, ಮೇಟ್ರನ್ ಆಗಿದ್ದವರು. ಹಾಗಾಗಿ ನಮಗೆಲ್ಲ ಮೇಟ್ರನ್ ಅಕ್ಕ.

ಒಮ್ಮೆ ಮೈಸೂರಿನ ಬ್ಯಾಂಕ್ ಆಫೀಸರೊಬ್ಬರು, "ಬೈಬಲ್ಲಿನ ಪ್ರವಾದಿಗಳನ್ನ ಓದೋಕೆ ಹೆದರಿಕೆ ಅಕ್ಕಾ. ಬರೀ ಬೈಗುಳ," ಎಂದರು.

"ವಾರ್ಡಿನ್ಯಾಗ ನಾ ಯಾರಿಗೆ ಬೈತಿದ್ದೆ ಗೊತ್ತೇನು? ಉಳಿಯೂ ಪೇಷಂಟಿಗೆ! ಗುಳಿಗಿ ನುಂಗು, ಎದ್ದು ಅಡ್ಡಾಡು ಅಂತ. ಕೈಬಿಟ್ಟವರಿಗೆ ಯಾರರ ಬೈತಾರೇನು? ದೇವರು ಬೈಯಾಕ ಹತ್ಯಾನಂದ್ರ ಬಾಗಲಾ ಇನ್ನೂ ತಗದೈತಿ ಅಂತ ತಿಳ್ಕೋರಿ."

ಪಶ್ಚಾತ್ತಾಪ ಎಂದರೆ ಅಳುವುದಲ್ಲ, ಹೊಳ್ಳಿ, ಅಂದರೆ ತಿರುಗಿ, ಮನೆಗೆ ಬರುವುದು ಎನ್ನುತ್ತಿದ್ದರು. ಬಿಟ್ಟುಹೋದ ಹೆಂಡತಿಯನ್ನು ಮತ್ತೆ ಮನೆಗೆ ಕರೆತಂದ ಪ್ರವಾದಿ ಹೋಶೇಯನ ಕಥೆ ಹೇಳಿ, ಆ ಪ್ರೀತಿಯೇ ಮುಂದೆ ಶಿಲುಬೆಯವರೆಗೂ ನಡೆದುಬಂತು ಎಂದು ಮುಗಿಸುತ್ತಿದ್ದರು. ಆದರೆ ಅವರಿಗೆ ಬಹಳ ಪ್ರಿಯನಾದವನು ಪ್ರವಾದಿ ಯೋನ. ಅವನ ಸಿಟ್ಟನ್ನು ಅಭಿನಯಿಸಿಯೇ ತೋರಿಸುವರು.

"ನಿನೆವೆ ಕೆಟ್ಟ ಊರು. ಇಂವಾ ಹೋಗಿ, ಊರು ಹಾಳಾಗ್ತೈತಿ ಅಂತ ಸಾರಿದಾ. ಇಡೀ ಊರು ತಪ್ಪಾತು ಅಂತು, ದೇವರು ಕ್ಷಮಿಸಿಬಿಟ್ಟಾ. ಇಂವಗ ತಡೀಲಿಲ್ಲ ನೋಡ್ರಿ! ಊರ ಹೊರಗ ಬಿಸಲಾಗ ಮಾರಿ ಊದಿಸ್ಕೊಂಡು ಕುಂತಾ. ನೆಳ್ಳಿಗಂತ ದೇವರು ಒಂದು ಗಿಡಾ ಬೆಳಸಿದ್ರ ಮರುದಿನ ಅದನ್ನ ಹುಳಾ ತಿಂತು. ಆ ಗಿಡಕ್ಕ ಮರಗತಾನ! ಒಂದು ಊರು ಮಂದಿ ಉಳದದ್ದಕ್ಕ ಮಾತ್ರ ಇಂವಗ ಹೊಟ್ಟಿಬ್ಯಾನಿ!" ಎಂದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಒಂದು ಮೇ ತಿಂಗಳಲ್ಲಿ ವಿಜಯವಾಡದಲ್ಲಿ ಅವರ ತಮ್ಮನ ಮಗಳ ನಿಶ್ಚಿತಾರ್ಥ. ತಮ್ಮ ಕುಡಿತಕ್ಕೆ ಬಿದ್ದು ಹೆಂಡತಿ, ಮಗಳನ್ನು ಬಿಟ್ಟು ಹೋಗಿದ್ದವನು. ಆ ಹುಡುಗಿಯನ್ನು ತಮ್ಮಲ್ಲಿಟ್ಟುಕೊಂಡು ಓದಿಸಿದವರು ಅಕ್ಕ. ಉಂಗುರ ತೊಡಿಸುವ ಮುನ್ನ ಪ್ರಾರ್ಥನೆ ಮಾಡಬೇಕಾದವರೂ ಅವರೇ. ನಾನೂ ಜೊತೆಗೆ ಹೋಗಿದ್ದೆ. ಹುಡುಗಿಯ ಮನೆಯ ಮುಂದಿನ ಪೆಂಡಾಲಿನೊಳಗೆ ಕಾಲಿಟ್ಟರೆ, ಮಜ್ಜಿಗೆ ಹಂಚುತ್ತಿದ್ದವನು ಆ ತಮ್ಮನೇ! ಕುಡಿತ ಬಿಟ್ಟು, ಕೆಲವು ತಿಂಗಳ ಹಿಂದೆಯೇ ಮನೆಗೆ ಮರಳಿದ್ದ. ಅಕ್ಕನಿಗೆ ತಿಳಿಸುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

"ಅಕ್ಕಾ, ತಪ್ಪಾತು," ಎಂದು ಲೋಟ ಚಾಚಿದ.

"ನಿನ್ನ ಕೈನ ನೀರೂ ಬ್ಯಾಡ ನನಗ," ಎಂದವರೇ ಮೆಟ್ಟಿಲು ಹತ್ತಿ ತಾರಸಿಗೆ ಹೋದರು.

ವಿಜಯವಾಡದ ಬಿಸಿಲು! ಬರಿಗಾಲಿಟ್ಟರೆ ಬೊಬ್ಬೆ. ನೀರಿನ ಟ್ಯಾಂಕಿನ ಪಕ್ಕ ತಲೆಗೆ ಸೆರಗು ಹೊದ್ದು ಕೂತುಬಿಟ್ಟರು. ಬೆನ್ನಿಗೇ ಹೋದ ನನಗೆ, "ಅವನ ಹೇಣ್ತಿ ಇಷ್ಟು ವರ್ಷ ಅತ್ತದ್ದು ಎಲ್ಲಿ ಹೋತು? ತಪ್ಪಾತು ಅಂದಕೂಡ್ಲೆ ಮುಗೀತೇನು?" ಎಂದರು. ಕೆಳಗೆ ಹುಡುಗಿ, ಸೋದರತ್ತೆ ಬಾರದೆ ಉಂಗುರ ತೊಡುವುದಿಲ್ಲವೆಂದು ಹಟ ಹಿಡಿದಿದ್ದಳು. ಗಂಡಿನ ಕಡೆಯವರಲ್ಲಿ ಗುಸುಗುಸು ಶುರುವಾಗಿತ್ತು.

ಆಗ ಮೇಲೆ ಬಂದವರು ತಮ್ಮನ ಹೆಂಡತಿ. ವಿಜಯವಾಡದ ತೆಲುಗು ಹೆಣ್ಣುಮಗಳು. ಗಂಡನ ಅಕ್ಕನನ್ನು ತಮ್ಮ ಭಾಷೆಯಲ್ಲಿ "ವದಿನಾ" ಎಂದೇ ಕರೆಯುವರು. ಕನ್ನಡ ಕಲಿತದ್ದೂ ಯೋನನ ಕಥೆ ಕೇಳಿದ್ದೂ ಅಕ್ಕನಿಂದಲೇ. ಕಪ್ಪು ಛತ್ರಿಯೊಂದನ್ನು ಬಿಚ್ಚಿ ಅಕ್ಕನ ತಲೆಯ ಮೇಲೆ ಹಿಡಿದರು. ಆಮೇಲೆ ಮೆಲ್ಲಗೆ, "ಗಿಡಾ ಸಿಗಲಿಲ್ಲಾಂಡಿ ವದಿನಾ. ಹುಳಾ ಬಂದು ಇದನ್ನ ತಿನ್ನೂದ್ರಾಗ ಕೆಳಗ ಬರ್ರಿ," ಎಂದರು.

ಅಕ್ಕ ದುರುಗುಟ್ಟಿ ನೋಡಿದರು. ಮರುಕ್ಷಣವೇ ನಗು ಉಕ್ಕಿತು, ಅದರ ಜೊತೆಗೇ ಅಳುವೂ.

"ನನ್ನ ಕಥಿ ನನಗ ಹೇಳತೀಯಲ್ಲ ನಮ್ಮವ್ವಾ! ಖರೇನ ಹೊಳ್ಳಿ ಬಂದಾನೇನು ಅಂವಾ?"

"ದಿನಾ ಬರ್ತಾರ ವದಿನಾ. ಸಂಜಿ ಆದ್ರ ಸೀದಾ ಮನಿಗೆ. ನನಗೂ ಮೊದಲ ಸಿಟ್ಟಿತ್ತು. ಈಗ ಅವರ ಚಪ್ಪಲಿ ಸಪ್ಪಳಾ ಕೇಳಿದ್ರ ಹಸಿವಾಗ್ತದ."

ಅಕ್ಕ ಕೆಳಗಿಳಿದು ತಮ್ಮನ ಮುಂದೆ ನಿಂತರು. "ಏನ್ ನೋಡ್ತಿ? ಬಿಸಲಾಗ ಕುಂತು ಬಂದೀನಿ. ಮಜ್ಜಿಗಿ ಹಾಕು."

ಅವನು ಅವಸರಕ್ಕೆ ಅರ್ಧ ಚೆಲ್ಲಿದ. ಅಕ್ಕ ಉಳಿದರ್ಧ ಕುಡಿದು ಇನ್ನೊಂದು ಲೋಟ ಕೇಳಿದರು. ಆ ದಿನದ ಪ್ರಾರ್ಥನೆ ಗಂಡು ಹೆಣ್ಣಿನ ಹೆಸರಿನಿಂದ ಶುರುವಾಗಲಿಲ್ಲ. "ತಂದೆಯೇ, ಹೊಳ್ಳಿ ಬಂದ ನನ್ನ ತಮ್ಮನಿಗಾಗಿ ಸ್ತೋತ್ರ. ಮೆಟ್ಟಿಲು ಇಳಿದು ಬಂದ ನನಗಾಗಿಯೂ ಸ್ತೋತ್ರ," ಎಂದರು. ಪೆಂಡಾಲಿಗೆ ಪೆಂಡಾಲೇ ನಕ್ಕು "ಆಮೆನ್" ಎಂದಿತು.

ಮರುವರ್ಷ ಅಕ್ಕನ ಮೊಣಕಾಲಿಗೆ ಆಪರೇಷನ್ ಆಯಿತು. ತಮ್ಮ, ಅವನ ಹೆಂಡತಿ ಇಬ್ಬರೂ ವಿಶಾಖಪಟ್ಟಣಕ್ಕೇ ಬಂದು ನೆಲೆಸಿದರು. ಬೆಳಗಿನ ಹೊತ್ತು ಅಕ್ಕ ಕಡಲ ದಂಡೆಯಲ್ಲಿ ತಮ್ಮನ ತೋಳು ಹಿಡಿದು ನಡೆಯುವುದನ್ನು ನಾವೆಲ್ಲ ನೋಡುತ್ತಿದ್ದೆವು. ಈ ವರ್ಷ ಈಸ್ಟರ್ ಕಳೆದ ಮರುವಾರ ಅಕ್ಕ ತೀರಿಕೊಂಡರು. ಶವಪೆಟ್ಟಿಗೆಗೆ ಮುಂದೆ ನಿಂತು ಹೆಗಲು ಕೊಟ್ಟವನು ತಮ್ಮ.