ಒಂದೇ ಕುದುರೆ

ಒಬ್ಬರ ಮನೆಯಲ್ಲಿ ಪೂಜೆ ಮಾಡಿಸಿಕೊಡಲೆಂದು ಹೊಸನಗರದ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನ ದರ್ಜಿಯೊಬ್ಬರು ಮೊಬೈಲಿನಲ್ಲಿ ಹಳೇ ಕೌಬಾಯ್ ಸಿನಿಮಾ ನೋಡುತ್ತಿದ್ದರು. ಅಪ್ಪನ ಜೊತೆ ಸಾಗರದ ಟೆಂಟಿನಲ್ಲಿ ಅವರು ನೋಡಿದ ಮೊದಲ ಚಿತ್ರವಂತೆ. ಕೆಳಗಿದ್ದ ಕಾಮೆಂಟುಗಳನ್ನು ಓದಿ ಮುಖ ಸಣ್ಣದು ಮಾಡಿಕೊಂಡರು.

"ನೋಡಿ ಭಟ್ರೇ, ಎಲ್ರೂ ನಗ್ತಾರೆ. ಬೆಟ್ಟ ಬರೀ ಬಣ್ಣ ಬಳಿದ ಬಟ್ಟೆ ಅಂತೆ. ಕಳ್ಳಂಗೂ ಪೊಲೀಸಿಗೂ ಒಂದೇ ಕುದುರೆ ಅಂತೆ. ನೀವಾದ್ರೂ ಒಂದು ಒಳ್ಳೇ ಮಾತು ಹೇಳಿ."

"ನಾನು ದಿನಾ ಅಕ್ಕಿ ಮೇಲೆ ಅಡಿಕೆ ಇಟ್ಟು ಗಣಪತಿ ಅಂತೀನಿ. ಸೊಂಡಿಲು ಎಲ್ಲಿ ಅಂತ ಯಾರೂ ಕೇಳಿಲ್ಲ ಮಾರಾಯ್ರೆ" ಅಂದೆ.

ಅವರು ಅದನ್ನೇ ಕಾಮೆಂಟಿಗೆ ಹಾಕಿ, ನೆಮ್ಮದಿಯಿಂದ ಸಿನಿಮಾ ಮುಂದುವರಿಸಿದರು.

ಅವತ್ತು ಅಡಿಕೆಯಲ್ಲಿ ಗಣಪತಿಯನ್ನು ಆವಾಹನೆ ಮಾಡುವಾಗ ಮಾತ್ರ ನನ್ನ ಕಣ್ಣೆದುರು ಆ ಕುದುರೆ ಬಂದು ನಿಂತಿತು. ಅವನು ಕ್ಷಮಿಸಿರುತ್ತಾನೆ, ಅವನಿಗೂ ಸವಾರಿಗೆ ಇರುವುದು ಒಂದೇ ಇಲಿ ತಾನೇ.